ಅಂತರ್‌ಶಿಸ್ತೀಯ ವ್ಯಾಸಂಗದ ಆಯ್ಕೆ: ಜಾನಪದ ಅಧ್ಯಯನದ ಚರಿತ್ರೆಯ ಹಿನ್ನೆಲೆಯಲ್ಲಿ

1. ಪ್ರಸ್ತಾವನೆ

ಮಾನವಿಕ ಮತ್ತು ಸಮಾಜವಿಜ್ಞಾನಗಳನ್ನು ಓದಬಯಸುವ ವಿದ್ಯಾರ್ಥಿಯು ಯಾವ ವಿಷಯವನ್ನು ಯಾವುದರೊಂದಿಗೆ ಕೂಡಿಸಿ ಓದಬೇಕು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಪ್ರವೇಶಾತಿಯ ಕಾಲದ ಪ್ರಶ್ನೆಯೆಂದು ಪರಿಗಣಿಸುತ್ತೇವೆ. ಅರ್ಜಿ ತುಂಬುವ ದಿನ ಅದು ಹುಟ್ಟುತ್ತದೆ; ಶುಲ್ಕ ಕಟ್ಟಿದ ದಿನ ಮುಗಿಯುತ್ತದೆ. ಆದರೆ ಒಂದು ಜ್ಞಾನಶಿಸ್ತಿನ ಚರಿತ್ರೆಯನ್ನು ಹಿಂದಿರುಗಿ ನೋಡಿದಾಗ, ಅದರ ತಿರುವುಗಳೆಲ್ಲ ಇಂತಹ ಆಯ್ಕೆಗಳಿಂದಲೇ ಸಂಭವಿಸಿರುವುದು ಕಂಡುಬರುತ್ತದೆ. ಜಾನಪದ ಅಧ್ಯಯನದ ಮಟ್ಟಿಗಂತೂ ಈ ಮಾತು ಪೂರ್ಣವಾಗಿ ಅನ್ವಯಿಸುತ್ತದೆ.

ಕರ್ನಾಟಕದ ಪದವಿ ಕಾಲೇಜುಗಳಿಗೆ ವಿಷಯಗಳ ಸಂಯೋಜನೆ ಹೊಸದಲ್ಲ. ಬಿ.ಎ. ತರಗತಿಯಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಓದುವ ಪದ್ಧತಿ ಇಲ್ಲಿ ದೀರ್ಘಕಾಲ ನಡೆದು ಬಂದಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಸೇರಿ ಎಚ್.ಇ.ಪಿ. ಆಗುತ್ತವೆ; ರಾಜ್ಯಶಾಸ್ತ್ರದ ಸ್ಥಾನದಲ್ಲಿ ಐಚ್ಛಿಕ ಕನ್ನಡ ಬಂದರೆ ಎಚ್.ಇ.ಕೆ., ಸಮಾಜಶಾಸ್ತ್ರ ಬಂದರೆ ಎಚ್.ಇ.ಎಸ್. ಆಗುತ್ತದೆ. ವಿದ್ಯಾರ್ಥಿಗಳು ತಮ್ಮನ್ನು ಈ ಅಕ್ಷರಗಳಿಂದಲೇ ಪರಿಚಯಿಸಿಕೊಳ್ಳುವುದುಂಟು. ಮೂರು ಶಿಸ್ತುಗಳನ್ನು ಒಟ್ಟಿಗೆ ಓದುವ ಈ ಏರ್ಪಾಡನ್ನು ಹೊರಗಿನಿಂದ ನೋಡಿದವರು ಅಂತರ್‌ಶಿಸ್ತೀಯ ವ್ಯಾಸಂಗವೆಂದೇ ಭಾವಿಸಿಯಾರು. ವಾಸ್ತವದಲ್ಲಿ ಮೂರೂ ವಿಷಯಗಳು ಒಂದೇ ವೇಳಾಪಟ್ಟಿಯಲ್ಲಿ ವಾಸಿಸುತ್ತವೆ, ಒಂದನ್ನೊಂದು ಮಾತನಾಡಿಸುವುದಿಲ್ಲ. ಅರ್ಥಶಾಸ್ತ್ರದಲ್ಲಿ ಭೂಸುಧಾರಣೆಯನ್ನು ಓದಿದ ವಿದ್ಯಾರ್ಥಿಗೆ ಮುಂದಿನ ಗಂಟೆಯ ಕನ್ನಡ ತರಗತಿಯಲ್ಲಿ ಗೇಣಿಯ ಕಷ್ಟವನ್ನು ಹೇಳುವ ಹಾಡು ಎದುರಾದರೂ, ಎರಡನ್ನೂ ಸೇರಿಸಿ ಯೋಚಿಸುವಂತೆ ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಹಲವು ವಿಷಯಗಳನ್ನು ಪಕ್ಕಪಕ್ಕದಲ್ಲಿ ಓದುವುದು ಬಹುಶಿಸ್ತೀಯ ವ್ಯಾಸಂಗ. ಒಂದು ಶಿಸ್ತಿನ ಪ್ರಶ್ನೆಯನ್ನು ಇನ್ನೊಂದು ಶಿಸ್ತಿನ ವಿಧಾನದಿಂದ ಪರೀಕ್ಷಿಸುವುದು ಅಂತರ್‌ಶಿಸ್ತೀಯ ವ್ಯಾಸಂಗ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು, ಜಾನಪದವು ವಿಶ್ವವಿದ್ಯಾಲಯಗಳಲ್ಲಿ ನೆಲೆ ಕಂಡುಕೊಂಡ ಬಗೆಯನ್ನು ಪರಿಶೀಲಿಸುವುದು, ಆ ಚರಿತ್ರೆಯಿಂದ ಇಂದಿನ ವಿದ್ಯಾರ್ಥಿಯ ಆಯ್ಕೆಗೆ ಯಾವ ಬೆಳಕು ದೊರೆಯುತ್ತದೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ವಿಭಾಗಗಳಿಗೆ ಮುನ್ನ

ಜಾನಪದವು ಅಧ್ಯಯನದ ವಸ್ತುವಾದ ಕಾಲದಲ್ಲಿ ಜಾನಪದ ವಿದ್ವಾಂಸರೆಂಬ ವರ್ಗವೇ ಇರಲಿಲ್ಲ. ಜರ್ಮನಿಯ ಗ್ರಿಮ್ ಸೋದರರು ತಮ್ಮ ಕಥಾಸಂಕಲನದ ಮೊದಲ ಸಂಪುಟವನ್ನು 1812ರಲ್ಲಿ ಹೊರತಂದರು. ಅವರಿಬ್ಬರೂ ಮಾರ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕಾನೂನು. ಅಲ್ಲಿ ಅವರ ಗುರುವಾಗಿದ್ದ ಸಾವಿನ್ಯಿ ಕಾನೂನನ್ನು ಜನಜೀವನದ ಚರಿತ್ರೆಯೊಳಗಿಟ್ಟು ನೋಡಬೇಕೆಂದು ಪ್ರತಿಪಾದಿಸಿದವರು. ಆ ಐತಿಹಾಸಿಕ ದೃಷ್ಟಿಯನ್ನೇ ಗ್ರಿಮ್ ಸೋದರರು ಭಾಷೆಗೂ ಕಥೆಗೂ ವಿಸ್ತರಿಸಿದರು. ಫಿನ್ಲೆಂಡಿನ 'ಕಾಲೇವಾಲ'ವನ್ನು 1835ರಲ್ಲಿ ಮೊದಲು ಪ್ರಕಟಿಸಿ 1849ರಲ್ಲಿ ವಿಸ್ತರಿಸಿದ ಎಲಿಯಾಸ್ ಲ್ಯೊನ್ರೋಟ್ ವೃತ್ತಿಯಿಂದ ವೈದ್ಯ. 1846ರಲ್ಲಿ ವಿಲಿಯಂ ಥಾಮ್ಸ್ 'ಫೋಕ್‌ಲೋರ್' ಎಂಬ ಪದವನ್ನು ಟಂಕಿಸಿದಾಗ, ಅದು ಈ ಬಗೆಯ ಹಲವು ಹಾದಿಗಳಿಂದ ಬಂದವರ ಆಸಕ್ತಿಗೆ ದೊರೆತ ಒಂದು ಹೆಸರಾಯಿತು.

ಕರ್ನಾಟಕದಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಆಡಳಿತಾಧಿಕಾರಿಯೂ ಶಾಸನತಜ್ಞರೂ ಆಗಿದ್ದರು. 1924ರಲ್ಲಿ ಕೊಡವರ ಹಾಡು ಮತ್ತು ಆಚರಣೆಗಳನ್ನು 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು. 1931ರ 'ಗರತಿಯ ಹಾಡು' ಹಲಸಂಗಿ ಗೆಳೆಯರ ಬಳಗದ ಕೊಡುಗೆ. ಅದರ ಹಿಂದೆ ಯಾವ ವಿಭಾಗವೂ ಇರಲಿಲ್ಲ.

ಈ ಸಾಲಿನಲ್ಲಿ ವಿಶೇಷವಾಗಿ ಗಮನಿಸಬೇಕಾದ ಹೆಸರು ಎಚ್. ವಿ. ನಂಜುಂಡಯ್ಯನವರದು. ಅವರು ನ್ಯಾಯಶಾಸ್ತ್ರ ಬಲ್ಲ ಆಡಳಿತಗಾರರು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು. ಮೈಸೂರು ಸಂಸ್ಥಾನದ ಜನವರ್ಗಗಳ ಜನಾಂಗಿಕ ಸಮೀಕ್ಷೆಯನ್ನು ಕೈಗೊಂಡವರೂ ಅವರೇ. ಅವರ ನಿಧನಾನಂತರ ಆ ಕಾರ್ಯವನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಪೂರ್ಣಗೊಳಿಸಿ, ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ಸಂಪುಟಗಳನ್ನು 1928ರಿಂದ 1935ರ ಅವಧಿಯಲ್ಲಿ ಹೊರತಂದರು. ಕಾನೂನು, ಭಾಷೆ, ಜನಾಂಗ ವಿವರಣೆ ಈ ಮೂರೂ ಒಬ್ಬರಲ್ಲಿ ಕೂಡಿದ್ದವು. ಆದರೆ ಅವರು ಮುನ್ನಡೆಸಿದ ವಿಶ್ವವಿದ್ಯಾನಿಲಯದಲ್ಲಿ ಜಾನಪದಕ್ಕೆ ಪ್ರತ್ಯೇಕ ಸ್ಥಾನ ದೊರೆಯಲು ಅರ್ಧ ಶತಮಾನವೇ ಬೇಕಾಯಿತು.

ಮೇಲೆ ಹೆಸರಿಸಿದವರೆಲ್ಲ ತಮ್ಮ ಮೂಲವೃತ್ತಿಯ ಅಭ್ಯಾಸಗಳನ್ನು ಜಾನಪದಕ್ಕೆ ತಂದರು. ಫ್ಲೀಟರಿಗೆ ಪಾಠವನ್ನು ಕಾಲದೊಂದಿಗೆ ಹೊಂದಿಸುವ ಶಾಸನತಜ್ಞನ ಅಭ್ಯಾಸವಿತ್ತು. ನಂಜುಂಡಯ್ಯನವರಿಗೆ ರೂಢಿಗತ ನಿಯಮಗಳನ್ನು ಕ್ರಮವಾಗಿ ವಿಚಾರಿಸಿ ದಾಖಲಿಸುವ ನ್ಯಾಯವೇತ್ತನ ಅಭ್ಯಾಸವಿತ್ತು. ವಿಶ್ವವಿದ್ಯಾಲಯವು ಇಂತಹ ಕೂಟವನ್ನು ಯೋಜಿತವಾಗಿ ಒದಗಿಸಬಲ್ಲುದೇ ಎಂಬುದು ಮುಂದಿನ ಪ್ರಶ್ನೆ.

3. ಮಹಾರಾಜ ಕಾಲೇಜಿನ ಒಂದು ಪ್ರಯೋಗ

ಇದಕ್ಕೆ ಉತ್ತರವಾಗಿ ಮೈಸೂರಿನಲ್ಲಿಯೇ ಒಂದು ಪ್ರಯೋಗ ನಡೆದಿತ್ತು. ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರ ಮುತುವರ್ಜಿಯಿಂದ ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ವಶಾಸ್ತ್ರವೆಂಬ ಆನರ್ಸ್ ವ್ಯಾಸಂಗ ರೂಪುಗೊಂಡಿತ್ತು. ತತ್ವಶಾಸ್ತ್ರದ ನೆರಳಿನಲ್ಲಿಯೇ ಸಮಾಜಶಾಸ್ತ್ರ, ಸಾಮಾಜಿಕ ಮಾನವಶಾಸ್ತ್ರ, ರಾಜಕೀಯ ಚಿಂತನೆ ಮೊದಲಾದವನ್ನು ವಿದ್ಯಾರ್ಥಿ ಅಲ್ಲಿ ಓದಬೇಕಾಗಿತ್ತು. 1936ರಲ್ಲಿ ಈ ಪದವಿಯನ್ನು ಪಡೆದವರಲ್ಲಿ ಎಂ. ಎನ್. ಶ್ರೀನಿವಾಸ್ ಒಬ್ಬರು.

ಶ್ರೀನಿವಾಸರು ಅಲ್ಲಿಂದ ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸಿದರು. ಮೈಸೂರಿನ ವಿವಾಹ ಮತ್ತು ಕುಟುಂಬವನ್ನು ಕುರಿತ ಅವರ ಗ್ರಂಥ 1942ರಲ್ಲಿ ಪ್ರಕಟವಾಯಿತು. ಇದೇ ದಶಕದಲ್ಲಿ ಅವರು ತಮಿಳು ಮತ್ತು ತೆಲುಗು ಜನಪದ ಗೀತೆಗಳ ಬಗೆಗೂ ಲೇಖನಗಳನ್ನು ಬರೆದರು. ಅನಂತರ ಆಕ್ಸ್‌ಫರ್ಡಿಗೆ ತೆರಳಿ, ಕೊಡಗಿನಲ್ಲಿ ತಾವು ಹಿಂದೆ ಸಂಗ್ರಹಿಸಿದ್ದ ಸಾಮಗ್ರಿಯನ್ನೇ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಸಿದ್ಧಾಂತದ ಬೆಳಕಿನಲ್ಲಿ ಮರಳಿ ವಿಶ್ಲೇಷಿಸಿದರು. ಅದರ ಫಲವೇ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ 1952ರ ಪ್ರಸಿದ್ಧ ಗ್ರಂಥ. ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'ಯೂ ಅದಕ್ಕೆ ಆಕರವಾಗಿ ಒದಗಿತು.

ಈ ಉದಾಹರಣೆಯ ಮಹತ್ವ ಎರಡು ಬಗೆಯದು. ಮೊದಲನೆಯದಾಗಿ, ಮೈಸೂರಿನ ವಿಶಾಲವಾದ ಪದವಿ ವ್ಯಾಸಂಗವು ಶ್ರೀನಿವಾಸರಿಗೆ ಹಲವು ಬಾಗಿಲುಗಳನ್ನು ತೋರಿಸಿತು. ಆದರೆ ಅವರು ಸಂಶೋಧಕರಾದದ್ದು ಅವುಗಳಲ್ಲಿ ಒಂದರ ಒಳಗೆ ಹೋಗಿ, ಅದರ ವಿಧಾನವನ್ನು ಕರಗತ ಮಾಡಿಕೊಂಡ ಮೇಲೆ. ಎರಡನೆಯದಾಗಿ, ಸಾಮಗ್ರಿ ಅದೇ ಆಗಿದ್ದರೂ ಪ್ರಶ್ನೆ ಬದಲಾದಾಗ ಗ್ರಂಥವೇ ಬದಲಾಯಿತು. ಹೆಚ್ಚು ಹಾಡುಗಳನ್ನು ಸಂಗ್ರಹಿಸಿದರೆ ಹೆಚ್ಚು ತಿಳಿವಳಿಕೆ ಬರುತ್ತದೆಂಬ ನಂಬಿಕೆ ನಮ್ಮ ಕ್ಷೇತ್ರದಲ್ಲಿ ಬಹುಕಾಲ ಬೇರೂರಿತ್ತು. ಶ್ರೀನಿವಾಸರ ಕೊಡಗಿನ ಅಧ್ಯಯನವು ಆ ನಂಬಿಕೆಯ ಮಿತಿಯನ್ನು ತೋರಿಸುತ್ತದೆ.

4. ಅಮೆರಿಕದ ಎರಡು ಮಾದರಿಗಳು

ಜಾನಪದವನ್ನು ಸ್ನಾತಕೋತ್ತರ ವ್ಯಾಸಂಗವಾಗಿ ರೂಪಿಸುವಾಗ ಅಮೆರಿಕದಲ್ಲಿ ಎರಡು ಮಾರ್ಗಗಳು ತೆರೆದುಕೊಂಡವು. 1939ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೀಲ್ ಬಾಗ್ಸ್ ಅವರು ಜಾನಪದದ ಪಠ್ಯಕ್ರಮವೊಂದನ್ನು ಆರಂಭಿಸಿದರು. ಬಾಗ್ಸ್ ಸ್ಪ್ಯಾನಿಷ್ ಭಾಷೆಯ ಪ್ರಾಧ್ಯಾಪಕರು. ಅವರು ಸ್ಥಾಪಿಸಿದ್ದು ವಿಭಾಗವಲ್ಲ. ಆಗಲೇ ಇದ್ದ ಹಲವು ವಿಭಾಗಗಳ ಅಧ್ಯಾಪಕರನ್ನೂ ತರಗತಿಗಳನ್ನೂ ಒಂದು ಸೂತ್ರದಲ್ಲಿ ಪೋಣಿಸಿದ ವ್ಯವಸ್ಥೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಸ್ಟಿತ್ ಥಾಮ್ಸನ್ ಅವರ ಪ್ರಯತ್ನದಿಂದ 1949ರಲ್ಲಿ ಜಾನಪದದಲ್ಲಿ ಪಿಎಚ್.ಡಿ. ವ್ಯಾಸಂಗ ಆರಂಭವಾಯಿತು. 1957ರಲ್ಲಿ ಅವರ ಸ್ಥಾನಕ್ಕೆ ಬಂದ ರಿಚರ್ಡ್ ಡಾರ್ಸನ್ ಜಾನಪದವು ಸ್ವತಂತ್ರ ಶಿಸ್ತೆಂದು ಪಟ್ಟುಹಿಡಿದು ವಾದಿಸಿದವರು. ಆದರೆ ಅವರು ಹಾರ್ವರ್ಡಿನಲ್ಲಿ ಓದಿದ್ದು ಸಾಹಿತ್ಯ ಮತ್ತು ಚರಿತ್ರೆಗಳನ್ನು ಬೆಸೆದ ಅಮೆರಿಕನ್ ನಾಗರಿಕತೆಯ ವ್ಯಾಸಂಗವನ್ನು. ಸ್ವಾಯತ್ತತೆಯ ದೊಡ್ಡ ವಕ್ತಾರರೇ ಅಂತರ್‌ಶಿಸ್ತೀಯ ವ್ಯಾಸಂಗದ ಫಲವಾಗಿದ್ದರೆಂಬುದು ಕುತೂಹಲಕರ ಸಂಗತಿ.

ಇಂಡಿಯಾನಾಕ್ಕೆ 1959ರಲ್ಲಿ ಹೋದ ಕನ್ನಡಿಗರೊಬ್ಬರ ವ್ಯಾಸಂಗಕ್ರಮ ನಮಗೆ ಇಲ್ಲಿ ಪ್ರಸ್ತುತ. ಎ. ಕೆ. ರಾಮಾನುಜನ್ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದರು. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ 1950ರ ದಶಕದಲ್ಲಿ ಉತ್ತರ ಕರ್ನಾಟಕದ ಕಥೆಗಳನ್ನು ಸಂಗ್ರಹಿಸತೊಡಗಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದು, ಇಂಡಿಯಾನಾದಲ್ಲಿ ಕನ್ನಡದ ಉತ್ಪಾದನಾ ವ್ಯಾಕರಣವನ್ನು ಕುರಿತ ಪ್ರಬಂಧಕ್ಕಾಗಿ 1963ರಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಗಳಿಸಿದರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳು, ಭಾಷಾವಿಜ್ಞಾನ, ಹಾಗೂ ಅಂತರ್‌ಶಿಸ್ತೀಯ ಚಿಂತನೆಗಾಗಿಯೇ 1941ರಲ್ಲಿ ಸ್ಥಾಪಿತವಾದ ಸಾಮಾಜಿಕ ಚಿಂತನ ಸಮಿತಿ, ಈ ಮೂರರಲ್ಲೂ ಅವರು ಬೋಧಿಸಿದರು.

ರಾಮಾನುಜನ್ ಅವರ ಪದವಿಗಳಲ್ಲಿ ಜಾನಪದವೆಂಬ ಹೆಸರಿನ ಪದವಿ ಒಂದೂ ಇಲ್ಲ. ಆದರೂ ಹಂಚಿಯ ಕಥೆ, ಹೂವಿನ ಗಿಡವಾಗುವ ಹುಡುಗಿಯ ಕಥೆ ಮೊದಲಾದ ಕನ್ನಡ ಕಥೆಗಳನ್ನು ಕುರಿತ ಅವರ ಬರೆಹಗಳು ಜಾನಪದ ಅಧ್ಯಯನದ ದಿಕ್ಕನ್ನೇ ಪ್ರಭಾವಿಸಿದವು. ಈ ಕಥೆಗಳನ್ನು ಹೇಳುವವರು ಯಾರು, ಯಾರ ದೃಷ್ಟಿಯಿಂದ ಹೇಳುತ್ತಾರೆ ಎಂದು ಕೇಳಿ, ಹೆಣ್ಣು ಕೇಂದ್ರವಾಗಿರುವ ಕಥೆಗಳ ವಿನ್ಯಾಸವೇ ಬೇರೆ ಎಂಬುದನ್ನು ಅವರು ತೋರಿಸಿಕೊಟ್ಟರು. ರಚನೆಯನ್ನು ಗುರುತಿಸುವ ಭಾಷಾವಿಜ್ಞಾನಿಯ ಕಣ್ಣು, ಧ್ವನಿಯನ್ನು ಹಿಡಿಯುವ ಕವಿಯ ಕಿವಿ ಎರಡೂ ಕೂಡಿದ್ದರಿಂದ ಇದು ಸಾಧ್ಯವಾಯಿತು.

5. ಕರ್ನಾಟಕದಲ್ಲಿ ಸ್ವತಂತ್ರ ವ್ಯಾಸಂಗದ ಉದಯ

1950ರ ದಶಕದಲ್ಲಿ ಬಿ. ಎಸ್. ಗದ್ದಗಿಮಠ ಅವರು ಕನ್ನಡ ಜನಪದ ಗೀತೆಗಳನ್ನು ಕುರಿತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದುದರೊಂದಿಗೆ ಈ ಕ್ಷೇತ್ರಕ್ಕೆ ವಿದ್ವತ್ತಿನ ಮನ್ನಣೆ ದೊರೆಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. ದೇ. ಜವರೇಗೌಡ ಅವರ ಆಸ್ಥೆ, ಜೀ. ಶಂ. ಪರಮಶಿವಯ್ಯ ಅವರ ದುಡಿಮೆ ಮತ್ತು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಅವರ ಶ್ರಮದಿಂದ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಮೈದಾಳಿತು. 1970ರ ದಶಕದಲ್ಲಿ ಜಾನಪದವು ಪ್ರತ್ಯೇಕ ಎಂ.ಎ. ವ್ಯಾಸಂಗವಾಯಿತು. ಒಂದೇ ಸಂಸ್ಥೆಯ ಆಶ್ರಯದಲ್ಲಿ ಜಾನಪದ, ಗ್ರಂಥಸಂಪಾದನೆ, ಭಾಷಾಂತರ, ಶಾಸನಗಳ ಪರಿಷ್ಕೃತ ಮುದ್ರಣ, ವಿಶ್ವಕೋಶ ಈ ಎಲ್ಲ ಕಾರ್ಯಗಳೂ ನಡೆಯುತ್ತಿದ್ದವು. 1969ರಲ್ಲಿ ಅದೇ ಊರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಸ್ಥಾಪನೆಯಾಯಿತು. ಒಬ್ಬ ಜಾನಪದ ವಿದ್ಯಾರ್ಥಿಗೆ ಬೇಕಾದ ನೆರೆಹೊರೆ ಮೈಸೂರಿನಲ್ಲಿ ಇಷ್ಟು ಸಮೃದ್ಧವಾಗಿತ್ತು.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಜಾನಪದ, ಬುಡಕಟ್ಟು, ಮಹಿಳೆ, ಅಭಿವೃದ್ಧಿ ಇವುಗಳ ಅಧ್ಯಯನ ವಿಭಾಗಗಳು ಒಂದೇ ಆವರಣದಲ್ಲಿ ತಲೆಯೆತ್ತಿದವು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೇ ಆರಂಭವಾಯಿತು.

ಈ ಬೆಳವಣಿಗೆಯ ಲಾಭವನ್ನು ಕಡಿಮೆ ಎಣಿಸುವಂತಿಲ್ಲ. ಪ್ರತ್ಯೇಕ ವಿಭಾಗವಿಲ್ಲದಿದ್ದರೆ ಹುದ್ದೆಯಿಲ್ಲ, ಪಠ್ಯವಿಲ್ಲ, ಧ್ವನಿಮುದ್ರಣಗಳನ್ನು ಕಾಪಾಡುವ ಹೊಣೆ ಯಾರದೂ ಅಲ್ಲ. ಕನ್ನಡ ವಿಭಾಗದ ಒಂದು ಪತ್ರಿಕೆಯಾಗಿಯೇ ಉಳಿದಿದ್ದರೆ ಜಾನಪದವು ಶಿಷ್ಟ ಸಾಹಿತ್ಯದ ಅನುಬಂಧವಾಗಿಯೇ ಇರುತ್ತಿತ್ತು. ಹಾಡುಗಾರರ ಮನೆಯಿಂದಲೇ ಬಂದ ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಬಾಗಿಲನ್ನು ತೆರೆದದ್ದು ಈ ವಿಭಾಗಗಳೇ.

ಆದರೆ ಈ ಲಾಭಕ್ಕೆ ತೆತ್ತ ಬೆಲೆಯೂ ಇದೆ. ವಿಭಾಗವು ಸ್ವತಂತ್ರವಾದಂತೆ ಅದರ ಪ್ರಶ್ನೆಪತ್ರಿಕೆಗಳೆಲ್ಲ ಜಾನಪದವೆಂಬ ಹೆಸರಿನಿಂದಲೇ ಆರಂಭವಾದವು. ಜಾನಪದ ಮತ್ತು ಸಮಾಜಶಾಸ್ತ್ರ, ಜಾನಪದ ಮತ್ತು ಮನಶ್ಶಾಸ್ತ್ರ ಎಂಬ ಅಧ್ಯಾಯಗಳು ಪಠ್ಯದಲ್ಲಿ ಸೇರಿದವು. ಅವುಗಳನ್ನು ಬೋಧಿಸುವವರು ಮಾತ್ರ ಸಾಮಾನ್ಯವಾಗಿ ಜಾನಪದದ ಅಧ್ಯಾಪಕರೇ ಆಗಿದ್ದರು. ವಿದ್ಯಾರ್ಥಿ ಸಮಾಜಶಾಸ್ತ್ರದ ಬಗ್ಗೆ ಓದಿದ, ಸಮಾಜಶಾಸ್ತ್ರವನ್ನು ಓದಲಿಲ್ಲ.

ಇದರ ಪರಿಣಾಮವನ್ನು ನಮ್ಮ ಪಿಎಚ್.ಡಿ. ಮಹಾಪ್ರಬಂಧಗಳ ವಿನ್ಯಾಸದಲ್ಲಿಯೇ ಕಾಣಬಹುದು. ತಾಲ್ಲೂಕು ಅಥವಾ ಜಿಲ್ಲೆಯೊಂದರ ಜಾನಪದವನ್ನು ಕುರಿತ ಪ್ರಬಂಧಗಳಲ್ಲಿ ಮೊದಲ ಅಧ್ಯಾಯವು ಆ ಪ್ರದೇಶದ ಭೌಗೋಳಿಕ, ಚಾರಿತ್ರಿಕ, ಸಾಮಾಜಿಕ ಹಿನ್ನೆಲೆಗೆ ಮೀಸಲು. ಮಳೆಯ ಪ್ರಮಾಣ, ಆಳಿದ ರಾಜವಂಶಗಳು, ಜಾತಿಗಳ ಪಟ್ಟಿ ಇವೆಲ್ಲ ಗ್ಯಾಸೆಟಿಯರಿನಿಂದ ಬಂದು ಅಲ್ಲಿ ಕುಳಿತುಕೊಳ್ಳುತ್ತವೆ. ಎರಡನೆಯ ಅಧ್ಯಾಯದಿಂದ ಹಾಡು, ಕಥೆ, ಗಾದೆ, ಒಗಟುಗಳ ವರ್ಗೀಕರಣ ಆರಂಭವಾದ ಮೇಲೆ ಆ ಮಳೆಯಾಗಲಿ ರಾಜವಂಶವಾಗಲಿ ಮತ್ತೆ ಪ್ರಸ್ತಾಪಕ್ಕೆ ಬರುವುದೇ ಅಪರೂಪ. ಬಿ.ಎ. ತರಗತಿಯ ವೇಳಾಪಟ್ಟಿಯಲ್ಲಿ ಪರಸ್ಪರ ಮಾತನಾಡದೆ ಕುಳಿತಿದ್ದ ವಿಷಯಗಳು ಮಹಾಪ್ರಬಂಧದ ಅಧ್ಯಾಯಗಳಾಗಿ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

6. ಕರಾವಳಿಯ ನಿದರ್ಶನ

ಇದಕ್ಕೆ ಪ್ರತಿಯಾದ ನಿದರ್ಶನವೊಂದು ನಮ್ಮ ಕರಾವಳಿಯಲ್ಲಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ 1980ರ ದಶಕದಲ್ಲಿ ನೆಲೆಗೊಂಡ ಜಾನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರದ ರೂವಾರಿ ಕು. ಶಿ. ಹರಿದಾಸ ಭಟ್ಟರು ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದವರು. ಕರಾವಳಿಯ ವಿದ್ವಾಂಸರಿಗೂ ಫಿನ್ಲೆಂಡಿನ ವಿದ್ವಾಂಸರಿಗೂ ಬೆಳೆದ ಸಂಬಂಧದಿಂದ ತುಳುವಿನ ಸಿರಿ ಕಾವ್ಯದ ದಾಖಲೀಕರಣ ಸಾಧ್ಯವಾಯಿತು. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ನಿರೂಪಿಸಿದ ಈ ಕಾವ್ಯವು 1998ರಲ್ಲಿ ಫಿನ್ಲೆಂಡಿನಿಂದ ಪ್ರಕಟವಾಯಿತು. ಅದರ ಸಾಲುಗಳ ಸಂಖ್ಯೆ 15,683.

ಈ ಕಾರ್ಯದಲ್ಲಿ ತೊಡಗಿದವರ ಹಿನ್ನೆಲೆಗಳನ್ನು ಗಮನಿಸಬೇಕು. ಲೌರಿ ಹೊಂಕೊ ಜಾನಪದದೊಂದಿಗೆ ತೌಲನಿಕ ಧರ್ಮಾಧ್ಯಯನದ ಪ್ರಾಧ್ಯಾಪಕರೂ ಆಗಿದ್ದರು. ಬಿ. ಎ. ವಿವೇಕ ರೈ ಕನ್ನಡ ವಿಭಾಗದಿಂದ ಬಂದು ತುಳು ಜನಪದ ಸಾಹಿತ್ಯವನ್ನು ಸಮಗ್ರವಾಗಿ ಅಭ್ಯಸಿಸಿದವರು. ಕೆ. ಚಿನ್ನಪ್ಪ ಗೌಡ ಭೂತಾರಾಧನೆಯ ರಂಗಸ್ವರೂಪ ಮತ್ತು ಆಚರಣೆಗಳ ಅಧ್ಯಯನದಲ್ಲಿ ನುರಿತವರು. ಇವರಿಗಿಂತ ಮುಂಚೆ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಸಿರಿ ಆರಾಧನೆಯನ್ನು ಬಂಧುತ್ವ ಮತ್ತು ಆವೇಶಗಳ ದೃಷ್ಟಿಯಿಂದ ಅಧ್ಯಯನ ಮಾಡಿದ್ದರು. ಅಳಿಯಕಟ್ಟಿನ ನಿಯಮಗಳನ್ನು ಬಲ್ಲವರಿಗಲ್ಲದೆ ಸಿರಿಯು ಗಂಡನನ್ನು ತೊರೆದು ಹೊರಡುವ ಪ್ರಸಂಗದ ತೂಕ ತಿಳಿಯದು. ಆಚರಣೆಯನ್ನು ಅರಿಯದವರಿಗೆ ಜಾತ್ರೆಯ ದಿನ ಹೆಂಗಸರ ಮೈಮೇಲೆ ಸಿರಿಯರು ಬರುವುದರ ಅರ್ಥವಾಗದು. ತುಳು ಬಾರದವರಿಗೆ ಪಾಠವೇ ದಕ್ಕದು. ಈ ಅರಿವುಗಳೆಲ್ಲ ಒಂದೇ ಪಠ್ಯದ ಮುಂದೆ ಕೂಡಿಬಂದುದರಿಂದ ಆ ಕಾರ್ಯವು ಜಗತ್ತಿನ ಮೌಖಿಕ ಮಹಾಕಾವ್ಯಗಳ ಚರ್ಚೆಯಲ್ಲಿ ಸ್ಥಾನ ಪಡೆಯಿತು.

7. ಸಂಕಮ್ಮನ ಸಾಲು: ಆಯ್ಕೆಯ ಒಂದು ಮಾದರಿ

ಸಿರಿಯ ದಾಖಲೀಕರಣ ಹಲವು ವಿದ್ವಾಂಸರ ಕೂಡುಕಾರ್ಯ. ಒಬ್ಬನೇ ವಿದ್ಯಾರ್ಥಿ ತನ್ನ ವ್ಯಾಸಂಗದ ಮಿತಿಯೊಳಗೆ ಏನು ಮಾಡಬಹುದು ಎಂಬುದನ್ನು ಮಲೆಯ ಮಾದೇಶ್ವರ ಕಾವ್ಯದ ನಿದರ್ಶನದಿಂದ ವಿವೇಚಿಸಬಹುದು. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ಸಂಪಾದನೆಯಿಂದ ಮೊದಲ್ಗೊಂಡು ಈ ಕಾವ್ಯದ ಹಲವು ಪಾಠಗಳು ನಮಗೆ ಲಭ್ಯವಿವೆ. ಕಂಸಾಳೆಯ ಕಲಾವಿದರಾದ ದೇವರ ಗುಡ್ಡರು ಇದನ್ನು ಸಾಲುಗಳಾಗಿ ಹಾಡುತ್ತಾರೆ. ಅವುಗಳಲ್ಲಿ ಸಂಕಮ್ಮನ ಸಾಲು ಪ್ರಸಿದ್ಧ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಶೀಲದ ಭಾಷೆಯನ್ನು ಕೇಳುತ್ತಾನೆ. ಅವಳು ಕೊಡಲು ಒಪ್ಪುವುದಿಲ್ಲ. ಗಂಡ ಅವಳನ್ನು ಹಿಂಸಿಸಿ ಬಂಧಿಸಿ ಹೋಗುತ್ತಾನೆ. ಮಾದೇಶ್ವರ ಬಂದು ಅವಳನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಫಲವನ್ನು ಅನುಗ್ರಹಿಸುತ್ತಾನೆ.

ಕನ್ನಡದ ವಿದ್ಯಾರ್ಥಿ ಇಲ್ಲಿ ಪಾಠಾಂತರಗಳನ್ನೂ ಆಡುನುಡಿಯ ಲಯವನ್ನೂ ನೋಡುತ್ತಾನೆ. ಮಾನವಶಾಸ್ತ್ರ ಬಲ್ಲವನಿಗೆ ಸೋಲಿಗರ ಕುಲ ಮತ್ತು ವಿವಾಹಪದ್ಧತಿಗಳು ಮುಖ್ಯವಾಗುತ್ತವೆ. ಭಾಷೆ ಕೇಳುವ ಹಕ್ಕು ಆ ಸಮಾಜದಲ್ಲಿ ಗಂಡನಿಗೆ ಇತ್ತೇ, ಅಥವಾ ಅದು ಬಯಲುಸೀಮೆಯ ಹಾಡುಗಾರರು ತಂದ ಮೌಲ್ಯವೇ ಎಂದು ಆತ ಕೇಳಬಲ್ಲ. ಸ್ತ್ರೀ ಅಧ್ಯಯನದವರಿಗೆ ಸಂಕಮ್ಮನ ನಿರಾಕರಣೆಯೇ ಕೇಂದ್ರ. ಆ ನಿರಾಕರಣೆಯನ್ನು ಗಂಡಸರ ಮೇಳವೊಂದು ಹಾಡುತ್ತಿದೆ ಎಂಬುದು ಅವರ ಮುಂದಿನ ಪ್ರಶ್ನೆ. ಚರಿತ್ರೆಯ ವಿದ್ಯಾರ್ಥಿಗೆ ಕಾಡಿನ ಒಡೆತನದ ಪ್ರಶ್ನೆಯಿದೆ. ವಸಾಹತು ಕಾಲದ ಅರಣ್ಯ ಕಾನೂನುಗಳಿಂದ 2006ರ ಅರಣ್ಯ ಹಕ್ಕು ಕಾಯ್ದೆಯವರೆಗಿನ ಕಥನದೊಂದಿಗೆ ಈ ಕಾವ್ಯದ ಕಾಡನ್ನು ಇರಿಸಿ ನೋಡಿದರೆ, ಹಾಡು ಕೇವಲ ಭಕ್ತಿಯ ವಸ್ತುವಾಗಿ ಉಳಿಯುವುದಿಲ್ಲ. ಸಂಗೀತ ಬಲ್ಲವನು ಕಂಸಾಳೆಯ ಪೆಟ್ಟು ಕಥನದ ಯಾವ ಘಟ್ಟದಲ್ಲಿ ಬದಲಾಗುತ್ತದೆ ಎಂಬುದನ್ನು ಗುರುತಿಸಬಲ್ಲ.

ಈ ಎಲ್ಲ ಪ್ರಶ್ನೆಗಳನ್ನು ಒಬ್ಬ ವಿದ್ಯಾರ್ಥಿ ಎರಡು ವರ್ಷಗಳಲ್ಲಿ ನಿರ್ವಹಿಸಲಾರ. ನಿರ್ವಹಿಸಲು ಹೊರಟರೆ ಪ್ರತಿಯೊಂದರ ಪೀಠಿಕೆಯನ್ನಷ್ಟೇ ಬರೆದಾನು. ಅವನನ್ನು ನಿಜಕ್ಕೂ ಕಾಡುವ ಪ್ರಶ್ನೆ ಇವುಗಳಲ್ಲಿ ಯಾವುದು ಎಂಬುದನ್ನು ಕಂಡುಕೊಂಡು, ಆ ಪ್ರಶ್ನೆ ಬಯಸುವ ಎರಡನೆಯ ಶಿಸ್ತನ್ನು ಅದರ ಅಧ್ಯಾಪಕರಿಂದಲೇ ಕಲಿಯಬೇಕು.

8. ಇಂದಿನ ವ್ಯವಸ್ಥೆ ಮತ್ತು ವಿದ್ಯಾರ್ಥಿ

2010ರ ನಂತರದ ವರ್ಷಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿ ಹರಡಿತು. ಅನ್ಯ ವಿಭಾಗದ ಪತ್ರಿಕೆಯೊಂದನ್ನು ಮುಕ್ತ ಐಚ್ಛಿಕವಾಗಿ ಓದುವ ಅವಕಾಶ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ದೊರೆಯಿತು. 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ರಾಜ್ಯದ ಪದವಿ ತರಗತಿಗಳಿಗೂ ಮುಕ್ತ ಐಚ್ಛಿಕಗಳು ಬಂದವು. 2024-25ರಿಂದ ರಾಜ್ಯವು ನಾಲ್ಕು ವರ್ಷದ ಪದವಿಯ ಆ ಚೌಕಟ್ಟನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಚೌಕಟ್ಟುಗಳು ಹೀಗೆ ಬದಲಾಗುತ್ತಿರುವಾಗಲೂ ಒಂದು ಅಂಶ ಬದಲಾಗಿಲ್ಲ. ಮುಕ್ತ ಐಚ್ಛಿಕದ ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ವೇಳಾಪಟ್ಟಿ, ಕೊಠಡಿಯ ದೂರ ಮತ್ತು ಅಂಕ ಸುಲಭವಾಗಿ ಬರುತ್ತದೆಂಬ ವದಂತಿ. ಜಾನಪದವನ್ನು ಮುಕ್ತ ಐಚ್ಛಿಕವಾಗಿ ಆಯ್ದುಕೊಳ್ಳುವ ಬೇರೆ ವಿಭಾಗದ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ.

ಈ ಚರಿತ್ರೆಯ ಆಧಾರದಿಂದ ಕೆಲವು ಸೂಚನೆಗಳನ್ನು ನೀಡಬಹುದು. ಮೊದಲನೆಯದಾಗಿ, ಒಂದು ಮೂಲಶಿಸ್ತು ಇರಬೇಕು. ಶ್ರೀನಿವಾಸರಿಗೆ ಸಮಾಜಶಾಸ್ತ್ರ, ರಾಮಾನುಜನ್ ಅವರಿಗೆ ಭಾಷಾವಿಜ್ಞಾನ ಇದ್ದಂತೆ, ಮರಳಿ ಬಂದು ನಿಲ್ಲುವ ನೆಲೆಯೊಂದು ಇಲ್ಲದ ವಿದ್ಯಾರ್ಥಿಗೆ ಹಲವು ಶಿಸ್ತುಗಳ ಪರಿಭಾಷೆ ಬರುತ್ತದೆ, ವಿಧಾನ ಬರುವುದಿಲ್ಲ. ಎರಡನೆಯದಾಗಿ, ಎರಡನೆಯ ಶಿಸ್ತನ್ನು ಆಯ್ದುಕೊಳ್ಳುವಾಗ ಅದರ ವಿಧಾನಪತ್ರಿಕೆಯನ್ನೇ ಓದಬೇಕು. ಸಮಾಜಶಾಸ್ತ್ರದ ಪರಿಚಯ ಪತ್ರಿಕೆಗಿಂತ ಸಂಶೋಧನ ವಿಧಾನದ ಪತ್ರಿಕೆಯು ಜಾನಪದ ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತ. ಮಾದರಿ ಆಯ್ಕೆ, ಸಂದರ್ಶನದ ಮಿತಿ, ಸಾಕ್ಷ್ಯದ ತೂಕ ಇವು ಅಲ್ಲಿಯೇ ದೊರೆಯುತ್ತವೆ. ಮೂರನೆಯದಾಗಿ, ಕ್ಷೇತ್ರಕಾರ್ಯವನ್ನು ಎರಡೂ ಶಿಸ್ತುಗಳ ಅಧ್ಯಾಪಕರು ನೋಡುವಂತಿರಬೇಕು. ಎರಡು ವಿಭಾಗಗಳ ಅಧ್ಯಾಪಕರು ಒಂದೇ ಪ್ರಬಂಧವನ್ನು ಓದಿ ಪ್ರಶ್ನಿಸುವ ಏರ್ಪಾಡು ಇಲ್ಲದ ಕಡೆ, ಅಂತರ್‌ಶಿಸ್ತೀಯವೆಂಬುದು ಅಂಕಪಟ್ಟಿಯ ಒಂದು ಸಾಲಷ್ಟೇ ಆಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಉದ್ಯೋಗದ ದೃಷ್ಟಿಯಿಂದ ಬೆರಕೆ ವ್ಯಾಸಂಗವು ವಿದ್ಯಾರ್ಥಿಗೆ ಹಾನಿಕರವೆಂಬ ಮಾತಿದೆ. ನೇಮಕಾತಿಯ ಅಧಿಸೂಚನೆಗಳು ವಿಷಯದ ಹೆಸರನ್ನು ನೋಡುತ್ತವೆ, ವ್ಯಾಸಂಗದ ವಿಸ್ತಾರವನ್ನು ನೋಡುವುದಿಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜನಪದ ಸಾಹಿತ್ಯ ಪ್ರತ್ಯೇಕ ವಿಷಯವಾಗಿದ್ದರೂ, ಪದವಿ ಕಾಲೇಜುಗಳಲ್ಲಿ ಜಾನಪದದ ಹುದ್ದೆಗಳು ವಿರಳ. ಈ ಆಕ್ಷೇಪ ನ್ಯಾಯವಾದುದೇ. ಆದ್ದರಿಂದಲೇ ಮೂಲಶಿಸ್ತಿನ ಹೆಸರು ಪದವಿಪತ್ರದಲ್ಲಿ ಸ್ಪಷ್ಟವಾಗಿರಬೇಕು ಎಂಬುದು ಪ್ರಸ್ತುತ ಲೇಖಕರ ನಿಲುವು. ಆದರೆ ಜಾನಪದವೊಂದನ್ನೇ ಓದಿದವನಿಗೆ ಆ ವಿರಳ ಹುದ್ದೆಗಳ ಹೊರತು ಬೇರೆ ದಾರಿ ಕಾಣುವುದಿಲ್ಲ. ಅದರೊಂದಿಗೆ ಭಾಷಾವಿಜ್ಞಾನವನ್ನೋ ವಸ್ತುಸಂಗ್ರಹಾಲಯ ವಿಜ್ಞಾನವನ್ನೋ ಸಮಾಜಶಾಸ್ತ್ರದ ಕ್ಷೇತ್ರವಿಧಾನವನ್ನೋ ಗಟ್ಟಿಯಾಗಿ ಕಲಿತವನಿಗೆ ಕೆಲಸದ ಕ್ಷೇತ್ರ ಇನ್ನಷ್ಟು ವಿಸ್ತಾರವಾಗಬಲ್ಲುದು.

ಉದ್ಯೋಗಕ್ಕಿಂತ ಆಳವಾದ ಇನ್ನೊಂದು ಕಾರಣವೂ ಇದೆ. ಜಾನಪದ ವಿಭಾಗಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಹಾಡುವ, ಕುಣಿಯುವ, ಪೂಜಿಸುವ ಸಮುದಾಯಗಳಿಂದಲೇ ಬಂದವರು. ಅವರಿಗೆ ಕ್ಷೇತ್ರವೆಂದರೆ ತಮ್ಮದೇ ಊರು. ವಕ್ತೃವೆಂದರೆ ಹಲವು ವೇಳೆ ತಮ್ಮದೇ ಅಜ್ಜಿ. ಸಂಗ್ರಹಕ್ಕೆ ಇಂತಹವರಿಗಿಂತ ಸಮರ್ಥರು ಬೇರಿಲ್ಲವೆಂದು ವಿಶ್ವವಿದ್ಯಾಲಯಗಳು ಬೇಗನೆ ಗುರುತಿಸಿದವು. ವ್ಯಾಖ್ಯಾನಕ್ಕೂ ಅವರೇ ಸಮರ್ಥರಾಗಬೇಕೆಂಬ ಕಾಳಜಿಯನ್ನು ಅಷ್ಟೇ ಬೇಗ ತೋರಲಿಲ್ಲ. ಫಲವಾಗಿ ಸಾಮಗ್ರಿ ಕನ್ನಡದಲ್ಲಿ ಹುಟ್ಟಿತು. ಅದನ್ನು ಅರ್ಥೈಸುವ ಸಿದ್ಧಾಂತ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಬೇರೆಯವರ ಕೈಯಲ್ಲಿ ಹುಟ್ಟಿತು. ಎರಡನೆಯ ಶಿಸ್ತನ್ನು ಕಲಿಯುವ ಅವಕಾಶವು ಈ ವಿದ್ಯಾರ್ಥಿಗಳಿಗೆ ತಮ್ಮ ಪರಂಪರೆಯ ಬಗ್ಗೆ ತಾವೇ ಸಿದ್ಧಾಂತ ರೂಪಿಸುವ ಅವಕಾಶವಾಗಿದೆ. ಆ ಶಿಸ್ತುಗಳ ವಿಧಾನಗ್ರಂಥಗಳು ಕನ್ನಡದಲ್ಲಿ ಸಾಕಷ್ಟು ದೊರೆಯದಿರುವುದು ಇದಕ್ಕಿರುವ ದೊಡ್ಡ ಅಡ್ಡಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ ಅಕಾಡೆಮಿಗಳೂ ಕೈಗೆತ್ತಿಕೊಳ್ಳಬೇಕಾದ ಕಾರ್ಯ ಇದಾಗಿದೆ.

9. ಉಪಸಂಹಾರ

ವಕೀಲಿ ಓದಿದವರು, ವೈದ್ಯರು, ಪೊಲೀಸ್ ಅಧಿಕಾರಿ, ಅರ್ಥಶಾಸ್ತ್ರದ ಅಧ್ಯಾಪಕ ಇಂತಹವರಿಂದ ಕಟ್ಟಲ್ಪಟ್ಟ ಜಾನಪದ ಕ್ಷೇತ್ರವು ಎರಡು ಶತಮಾನಗಳಲ್ಲಿ ಸ್ವತಂತ್ರ ವಿಭಾಗಗಳನ್ನೂ ಸ್ವತಂತ್ರ ವಿಶ್ವವಿದ್ಯಾಲಯವನ್ನೂ ಪಡೆಯಿತು. ಆ ವಿಭಾಗಗಳನ್ನು ಉಳಿಸಿಕೊಳ್ಳುವುದು ಅಗತ್ಯ. ಅವುಗಳೊಳಗೆ ಓದುವ ವಿದ್ಯಾರ್ಥಿಗೆ ಪಕ್ಕದ ವಿಭಾಗದ ತರಗತಿಯಲ್ಲಿ ಕುಳಿತುಕೊಳ್ಳುವ ಹಕ್ಕನ್ನೂ ಅಲ್ಲಿಂದ ತಂದ ಪ್ರಶ್ನೆಗೆ ತನ್ನ ವಿಭಾಗದಲ್ಲಿ ಮನ್ನಣೆಯನ್ನೂ ದೊರಕಿಸುವುದು ಅಷ್ಟೇ ಅಗತ್ಯ. ಪಠ್ಯಕ್ರಮ ರಚನಾ ಮಂಡಳಿಗಳು ಮುಂದಿನ ಪರಿಷ್ಕರಣೆಯಲ್ಲಿ ಜಾನಪದ ಸ್ನಾತಕೋತ್ತರ ಪದವಿಗೆ ಅನ್ಯಶಿಸ್ತಿನ ಒಂದು ವಿಧಾನಪತ್ರಿಕೆಯನ್ನು ಆ ಶಿಸ್ತಿನ ಅಧ್ಯಾಪಕರಿಂದಲೇ ಬೋಧಿಸುವ ನಿಯಮವನ್ನೂ, ಕ್ಷೇತ್ರಕಾರ್ಯ ಆಧಾರಿತ ಪ್ರಬಂಧಕ್ಕೆ ಇಬ್ಬರು ಮಾರ್ಗದರ್ಶಕರ ನಿಯಮವನ್ನೂ ಅಳವಡಿಸಿದರೆ, ಅರ್ಜಿ ತುಂಬುವ ದಿನದ ಆಯ್ಕೆಯು ಇಡೀ ವ್ಯಾಸಂಗದ ಉದ್ದಕ್ಕೂ ಫಲ ಕೊಡಬಲ್ಲುದು.